ಎರಡು ದೀಪದ ಗಾಡಿ

ಕರಿಬಸವರಾಜನ ಹೆಸರಿನ ಮುಂದೆ ಆಗಲೇ ಎರಡು ಕೆಂಪು ಗೆರೆ ಬಿದ್ದಿದ್ದವು. ಮೂರನೆಯದು ಬಿದ್ದರೆ ಹರಿಹರದ ಯಂತ್ರ ಕಾರ್ಖಾನೆಗೂ ಅವನಿಗೂ ಇದ್ದ ಸಂಬಂಧ ಹರಿದುಹೋಗುತ್ತಿತ್ತು. ಬೆಳಗಿನ ಆರೂವರೆಗೆ ಅಲ್ಲಿ ಸೈರನ್ ಕೂಗುತ್ತಿತ್ತು. ಅದು ಕೂಗಿ ನಿಲ್ಲುವುದರೊಳಗೆ ಗೇಟು ದಾಟದವರ ಹೆಸರಿನ ಮುಂದೆ ಟೈಮ್‌ಕೀಪರ್ ವಾಮದೇವಪ್ಪ ಕೆಂಪು ಮಸಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಕಾಯಂ ಆದವರಿಗೆ ಆ ಗೆರೆಯಿಂದ ಅರ್ಧ ದಿನದ ಪಗಾರ ಹೋಗುತ್ತಿತ್ತು, ಅಷ್ಟೆ. ಮೂರು ತಿಂಗಳ ಪ್ರೊಬೇಷನ್ ಮೇಲಿದ್ದ ಹೊಸಬರಿಗೆ ಮಾತ್ರ ಮೂರು ಗೆರೆ ಎಂದರೆ ಮನೆಯ ದಾರಿ.

ಮನೆಯ ದಾರಿ ಎಂದರೆ ದಾವಣಗೆರೆಯ ಮಂಡಿಪೇಟೆ. ಅಲ್ಲಿ ಅವನ ಅಪ್ಪ ಶಿವಯೋಗಪ್ಪನವರ ಕಾಳಿನ ಅಂಗಡಿ. ಅಂಗಡಿಯಲ್ಲಿ ಬಿಳಿ ಬಟ್ಟೆ ಹಾಸಿದ ಗಾದಿ. ಆ ಗಾದಿಯ ಮೇಲೆ ಶಿವಯೋಗಪ್ಪನವರ ಎಡಪಕ್ಕಕ್ಕೆ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗ, ಕರಿಬಸವರಾಜ ಹುಟ್ಟಿದಾಗಿನಿಂದ ಅವನಿಗಾಗಿ ಕಾಯುತ್ತಿತ್ತು.

"ಲೇಥು ಲೇಥು ಅಂತ ಬಡ್ಕಂತೀಯಲ್ಲೋ, ಏನು ಮಾಡ್ತೈತಪ್ಪಾ ಅದು?" ಎಂದು ಅವರು ಒಮ್ಮೆ ಕೇಳಿದ್ದರು.

"ಕಬ್ಬಿಣ ತಿರುಗ್ತೈತೆ ಅಪ್ಪಾಜಿ. ನಾವು ಉಳಿ ಹಿಡಿದ್ರೆ ಬೆಲ್ಲದ ಪಾಕದ ಎಳೆ ಬಂದಂಗೆ ಕಬ್ಬಿಣದ ಸಿಪ್ಪೆ ಬರ್ತೈತೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಂಗಿಲ್ಲ."

"ಸರಿ, ಹೋಗು. ನಿನ್ನ ಹಟ ತೀರಲಿ. ಅವರು ಬ್ಯಾಡ ಅಂದ ದಿನ ಮಾತ್ರ ತುಟಿ ಪಿಟಕ್ ಅನ್ನದೆ ಇಲ್ಲಿ ಬಂದು ಕೂಡಬೇಕು ನೋಡು."

ಕರಿಬಸವರಾಜ ಹೂಂ ಅಂದಿದ್ದ. ಇಪ್ಪತ್ತೆರಡು ವರ್ಷದವನಿಗೆ ಮೂರು ತಿಂಗಳು ಏನು ಮಹಾ! ಆದರೆ ದಾವಣಗೆರೆಗೂ ಹರಿಹರಕ್ಕೂ ನಡುವೆ ಒಂಬತ್ತು ಮೈಲಿ ರಸ್ತೆ ಇತ್ತು. ಮೊದಲ ಬಸ್ಸು ಹರಿಹರ ಮುಟ್ಟುವಾಗ ಏಳು ಹೊಡೆಯುತ್ತಿತ್ತು. ಹಾಗಾಗಿ ಸೈಕಲ್ಲೇ ಗತಿ. ಅದೂ ಪುಷ್ಯಮಾಸದ ಚಳಿಯಲ್ಲಿ, ಐದೂಕಾಲಿಗೆಲ್ಲ ಮನೆ ಬಿಟ್ಟು, ಕತ್ತಲಲ್ಲಿ.

ಆ ರಸ್ತೆಯಲ್ಲಿ ಪುಣೆಯಿಂದ ಬೆಂಗಳೂರಿಗೂ ಬೆಂಗಳೂರಿನಿಂದ ಪುಣೆಗೂ ಲಾರಿಗಳು ಓಡುತ್ತಿದ್ದವು. ದೊಡ್ಡ ರಸ್ತೆ ಎಂಬುದು ಹೆಸರಿಗೆ; ಟಾರು ಇದ್ದದ್ದು ಒಂದೂವರೆ ಲಾರಿಯ ಅಗಲ. ಕತ್ತಲಲ್ಲಿ ಅಲ್ಲಿ ನಡೆಯುತ್ತಿದ್ದ ಕಾನೂನು ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ಎಲ್ಲ ಡ್ರೈವರುಗಳಿಗೂ ಬಾಯಿಪಾಠವಾಗಿತ್ತು. ಎದುರಿಗೆ ಎರಡು ದೀಪ ಕಂಡರೆ ಅದು ಮೋಟಾರು: ನಿನ್ನ ದೀಪ ಡಿಮ್ ಮಾಡು, ಎಡಗಾಲಿ ಮಣ್ಣಿಗಿಳಿಸು, ಅರ್ಧ ರಸ್ತೆ ಬಿಟ್ಟುಕೊಡು. ಒಂದು ದೀಪ ಕಂಡರೆ ಅದು ಸೈಕಲ್ಲು: ಹಾರನ್ ಒತ್ತು, ಹೋಗು. ಸೈಕಲ್ಲಿಗೆ ರಸ್ತೆ ಬಿಡುವ ಡ್ರೈವರನನ್ನು ಯಾವ ತಾಯಿಯೂ ಇನ್ನೂ ಹೆತ್ತಿರಲಿಲ್ಲ.

ಮೊದಲ ಗೆರೆ ಬಿದ್ದದ್ದು ದೀಪವಿಲ್ಲದ ದಿನಗಳಲ್ಲಿ. ಲಾರಿಯೊಂದು ಅವನನ್ನು ಜಾಲಿಮುಳ್ಳಿನ ಪೊದೆಯೊಳಕ್ಕೆ ಕಳಿಸಿತ್ತು. ಮುಳ್ಳು ಬಿಡಿಸಿಕೊಂಡು, ಎರಡೂ ಟ್ಯೂಬಿಗೆ ತೇಪೆ ಹಾಕಿಸಿಕೊಂಡು ಗೇಟು ಮುಟ್ಟುವಾಗ ಎಂಟು ಗಂಟೆ. ಮರುದಿನವೇ ಅವನು ಪೇಟೆಯಲ್ಲಿ ಸಿಕ್ಕುವುದರಲ್ಲೆಲ್ಲ ಪ್ರಖರವಾದ ಡೈನಮೊ ದೀಪ ತಂದು ಕಟ್ಟಿಸಿದ. ಹಿಂದಿನ ಟೈರಿಗೆ ತಾಗಿ ತಿರುಗುತ್ತ ಗುಂಯ್ ಎನ್ನುವ ಡೈನಮೊ, ಹ್ಯಾಂಡಲಿನ ಮುಂದೆ ಬೆಳ್ಳಿಯ ಬಟ್ಟಲಿನಂಥ ದೀಪ. ಕಂಡರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಂಡಿದ್ದ. ಕಾಣುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ ಎಂದು ತಿಳಿದದ್ದು ಎರಡನೇ ಗೆರೆ ಬಿದ್ದ ದಿನ. ಆ ಲಾರಿಯವನು ಅವನ ದೀಪವನ್ನು ಚೆನ್ನಾಗಿಯೇ ನೋಡಿದ್ದ. ನೋಡಿ, ಹಾರನ್ ಒತ್ತಿ, ರಸ್ತೆಯ ನಡುವೆಯೇ ಬಂದಿದ್ದ.

ಹಯಾತ್ ಸಾಬ್ ಜೊತೆಯಾದದ್ದು ಆಮೇಲೆ. ಅವನು ಅದೇ ಕಾರ್ಖಾನೆಯಲ್ಲಿ ಹಳೇ ಫಿಟ್ಟರ್. ನಲವತ್ತೈದು ದಾಟಿದ ಆಳು. ಹೆಂಡತಿ ಹಜೀರಾಬೀ ಹೆಣೆದುಕೊಟ್ಟ ಉಣ್ಣೆಯ ಟೋಪಿಯನ್ನು ಕಿವಿಯ ಕೆಳಗಿನವರೆಗೂ ಎಳೆದುಕೊಂಡು, ಕಂಬದಷ್ಟು ಎತ್ತರದ ಸೈಕಲ್ಲಿನ ಮೇಲೆ ದರ್ಬಾರಿಗೆ ಹೊರಟವನ ಹಾಗೆ ನೆಟ್ಟಗೆ ಕೂತು ಬರುತ್ತಿದ್ದ. ಕರಿಬಸವರಾಜನನ್ನು ಅವನು ಕರೆಯುತ್ತಿದ್ದದ್ದು 'ಸಾವ್ಕಾರ' ಎಂದು. ಮಂಡಿಪೇಟೆಯ ಹುಡುಗ ಗ್ರೀಸು ಬಳಿದುಕೊಳ್ಳಲು ಒಂಬತ್ತು ಮೈಲಿ ತುಳಿದುಕೊಂಡು ಹೋಗುವುದು ಅವನಿಗೆ ಪ್ರತಿ ದಿನವೂ ಹೊಸದಾಗಿ ನಗು ತರಿಸುವ ಸಂಗತಿಯಾಗಿತ್ತು.

ಒಂದು ಬೆಳಗಿನ ಜಾವ ರಸ್ತೆಯ ನಡುವಿನ ಟಾರು ಕಿತ್ತುಹೋಗಿ ಜಲ್ಲಿ ಎದ್ದಿತ್ತು. ಹಾಗಾಗಿ ಸಾಬ್ ಆ ಅಂಚಿಗೆ, ಕರಿಬಸವರಾಜ ಈ ಅಂಚಿಗೆ, ನಡುವೆ ಆರಡಿ ಜಾಗ ಬಿಟ್ಟು ಗಂಟಲೆತ್ತಿ ಮಾತಾಡುತ್ತ ಹೊರಟಿದ್ದರು. ಎದುರಿಗೆ ಲಾರಿಯ ಬೆಳಕು ಎದ್ದಿತು. ಕರಿಬಸವರಾಜ ರೂಢಿಯಂತೆ ಮಣ್ಣಿಗಿಳಿಯಲು ಹ್ಯಾಂಡಲ್ ತಿರುಗಿಸುವ ಹೊತ್ತಿಗೆ ಲಾರಿಯ ದೀಪ ಪಟಕ್ಕನೆ ತಗ್ಗಿತು. ಲಾರಿ ಎಡಕ್ಕೆ ವಾಲಿತು, ಒಂದು ಗಾಲಿಯನ್ನು ಮಣ್ಣಿಗಿಳಿಸಿತು, ಪೊಂ ಎಂದು ಮರ್ಯಾದೆಯಿಂದ ಒಮ್ಮೆ ಕೂಗಿ ಪಕ್ಕದಲ್ಲಿ ಸರಿದುಹೋಯಿತು.

"ಸಾಬ್ರೇ! ಅವನು ಡಿಮ್ ಮಾಡಿದ!"

"ಯಾರಿಗೆ? ನಮ್ಮ ಹಿಂದೆ ಯಾವುದಾರ ಮೋಟಾರ್ ಐತೇನು?"

ಇಬ್ಬರೂ ಕತ್ತು ತಿರುಗಿಸಿದರು. ಹಿಂದೆ ಕತ್ತಲು ಬಿಟ್ಟು ಏನೂ ಇರಲಿಲ್ಲ.

"ನಮಿಗೇ ಮಾಡಿದ್ದು ಸಾಬ್ರೇ! ನಿಮ್ದೊಂದು ದೀಪ, ನಂದೊಂದು. ಎರಡು ಸೇರಿ ನಾವು ಲಾರಿ ಆಗಿಬಿಟ್ಟೀವಿ!"

ಹಯಾತ್ ಸಾಬ್ ಇನ್ನೊಮ್ಮೆ ಹಿಂದೆ ನೋಡಿದ. ಆಮೇಲೆ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿದ. "ತಡಿ. ಇನ್ನೊಂದು ಬರ್ಲಿ. ನೋಡೇ ಬಿಡನ."

ಇನ್ನೊಂದು ಬಂತು. ಡಿಮ್ ಮಾಡಿತು, ದಾರಿ ಬಿಟ್ಟಿತು. ಮೂರನೆಯದೂ ಅಷ್ಟೇ. ನಾಲ್ಕನೆಯದು ದಾಟಿದಾಗ ಹಯಾತ್ ಸಾಬ್ ಬಾಯಲ್ಲೇ ಗೇರು ಬದಲಾಯಿಸಿ ಡುರ್ರ್ ಎಂದು ಸದ್ದು ಮಾಡತೊಡಗಿದ. ಕರಿಬಸವರಾಜನಿಗೆ ನಗು ತಡೆಯಲಾರದೆ ಸೈಕಲ್ಲು ಓಲಾಡಿತು, ಓಲಾಡಿದ್ದಕ್ಕೆ ಸಾಬ್ ಬೈದ: "ಲೇ ಸಾವ್ಕಾರಾ, ಲಾರಿ ಎಲ್ಲಾರ ನಗ್ತೈತೇನಲೇ? ನೆಟ್ಟಗೆ ಹೊಡಿ!"

ಅವತ್ತು ಗೇಟಿಗೆ ಹತ್ತು ನಿಮಿಷ ಮುಂಚೆ ಬಂದ ಅವರನ್ನು ನೋಡಿ ವಾಮದೇವಪ್ಪ ತನ್ನ ಗಡಿಯಾರ ನಿಂತಿದೆಯೇನೋ ಎಂದು ಕಿವಿಗೆ ಹಿಡಿದ.

ಅದನ್ನು ಅವರು ಅಲ್ಲಿಗೇ ಬಿಡಲಿಲ್ಲ. ಇಬ್ಬರೂ ಯಂತ್ರದವರು, ಅಂದಾಜಿನಲ್ಲಿ ನಡೆಯುವುದು ಅವರ ಜಾಯಮಾನಕ್ಕೇ ಆಗದು. ಸಾಬ್‌ನ ಸೈಕಲ್ಲಿನ ಡೈನಮೊ ದೀಪ ಇವನದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು. ಕರಿಬಸವರಾಜ ಊಟದ ಬಿಡುವಿನಲ್ಲಿ ಗುಜರಿ ಕಬ್ಬಿಣದ ತುಂಡೊಂದನ್ನು ಲೇಥಿಗೆ ಕೊಟ್ಟು, ತನ್ನ ದೀಪಕ್ಕೆ ಒಂದು ಎತ್ತರದ ಕಾಲು ಮಾಡಿ ಕೂರಿಸಿದ. ಡೈನಮೊ ದೀಪದ ಗುಣವೇ ಅದು, ತುಳಿತ ನಿಧಾನವಾದರೆ ಬೆಳಕು ಹಳದಿಗೆ ತಿರುಗುತ್ತದೆ, ನಿಂತರೆ ಆರುತ್ತದೆ. ಒಬ್ಬ ಹಿಂದೆ ಬಿದ್ದರೆ ಗಾಡಿಗೆ ಒಂದು ಕಣ್ಣು ಮಂಜು. ಆದ್ದರಿಂದ ತುಳಿತ ಒಂದೇ ಆಗಬೇಕು. ಸಾಬ್ "ಏಕ್... ದೋ... ಏಕ್... ದೋ..." ಎಂದು ಎಣಿಸುತ್ತಿದ್ದ, ಎರಡು ಜೊತೆ ಕಾಲು ಒಂದೇ ಲೆಕ್ಕಕ್ಕೆ ಏರಿ ಇಳಿಯುತ್ತಿದ್ದವು. ಲಾರಿ ತೀರ ಹತ್ತಿರ ಬಂದಾಗ ಸಾಬ್ "ಗಾಡಿ ಬಿಚ್ಚು!" ಎನ್ನುತ್ತಿದ್ದ, ಇಬ್ಬರೂ ಎಡಕ್ಕೆ ಒತ್ತಿಕೊಳ್ಳುತ್ತಿದ್ದರು. ದಾಟಿದ ಮೇಲೆ "ಗಾಡಿ ಕಟ್ಟು!" ಮತ್ತೆ ಆರಡಿ.

ಇಪ್ಪತ್ತು ದಿನ ಒಂದು ಗೆರೆಯೂ ಬೀಳಲಿಲ್ಲ. ಪ್ರೊಬೇಷನ್ ಮುಗಿಯಲು ಇನ್ನು ಎಂಟೇ ದಿನ ಉಳಿಯಿತು. ಕರಿಬಸವರಾಜನಿಗೆ ಬೆಳಗಿನ ಆ ಒಂಬತ್ತು ಮೈಲಿ ಈಗ ಕೆಲಸಕ್ಕಿಂತ ಹೆಚ್ಚು ಇಷ್ಟವಾಗತೊಡಗಿತ್ತು. ಹತ್ತು ಟನ್ನಿನ ಲಾರಿಯೊಂದು ತನ್ನ ಮುಂದೆ ಕಣ್ಣು ತಗ್ಗಿಸುವಾಗ ಅವನ ಎದೆಯೊಳಗೆ ಏನೋ ದಿಗ್ಗನೆ ಹೊತ್ತಿಕೊಳ್ಳುತ್ತಿತ್ತು. ಒಬ್ಬನೇ ಇದ್ದಾಗ ತಾನೊಂದು ಸೊಳ್ಳೆ, ಇನ್ನೊಬ್ಬ ಆರಡಿ ದೂರದಲ್ಲಿದ್ದರೆ ತಾನು ಲಾರಿಯ ಅರ್ಧ! ಇದನ್ನು ಯಾರಿಗಾದರೂ ಹೇಳಬೇಕು ಎನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಅಪ್ಪನಿಗೆ ಹೇಳಿದರೆ ಮೋಸ ಎನ್ನುತ್ತಾರೆ.

ಮೋಸ ಎಂದು ಮೊದಲು ಹೇಳಿದವಳು ನೀಲಕ್ಕ. ಅವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವತ್ತು ಅಮಾವಾಸ್ಯೆ. ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಹೋಗುವ ಹತ್ತು ಹನ್ನೆರಡು ಜನ, ಮೂರನೇ ಮೈಲಿಯ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದರು. ಎರಡು ದೀಪ ಕಂಡದ್ದೇ ತಡ, ಬುತ್ತಿಯ ಗಂಟುಗಳನ್ನು ಬಗಲಿಗೇರಿಸಿಕೊಂಡು ಹೋ ಎಂದು ರಸ್ತೆಗೆ ನುಗ್ಗಿದರು.

"ಬಂತು ಬಂತು! ಕೈ ಮಾಡ್ರೇ! ನಿಲ್ಲಿಸಪ್ಪೋ!"

ಸೈಕಲ್ಲುಗಳು ಕಿರ್ರೆಂದು ನಿಂತವು. ನಿಂತ ಕೂಡಲೇ ಎರಡೂ ದೀಪ ಆರಿಹೋದವು. ಇಡೀ ಬಸ್ಸೇ ಮಾಯವಾದಂತಾಗಿ ಜನ ಕತ್ತಲಲ್ಲಿ ತಡಬಡಿಸಿದರು. ಯಾರೋ ಒಬ್ಬರು ಸಾಬ್‌ನ ಕ್ಯಾರಿಯರಿನ ಮೇಲೆ ಆಗಲೇ ಗಂಟು ಇಟ್ಟಾಗಿತ್ತು.

"ಬಸ್ಸೆಲ್ಲೋ?" ಎಂದು ದಪ್ಪ ದನಿಯ ಮುದುಕಿಯೊಬ್ಬಳು ಕೇಳಿದಳು. ಎಲ್ಲರೂ ಅವಳನ್ನೇ ನೀಲಕ್ಕ ನೀಲಕ್ಕ ಎನ್ನುತ್ತಿದ್ದರು.

"ಬಸ್ಸಿಲ್ಲ ಅಜ್ಜೀ, ನಾವೇ," ಎಂದ ಕರಿಬಸವರಾಜ.

"ನೀವೇ ಅಂದ್ರೆ? ಎರಡು ದೀಪ ಕಂಡ್ವಲ್ಲೋ! ಬಸ್ಸಿನ ವೇಷ ಹಾಕ್ಕಂಡು ಬಂದೀರೇನು? ಏನೋ ನಿನ್ನ ಹೆಸರು?"

"ಕರಿಬಸವರಾಜ ರೀ."

"ನೋಡ್ರೇ ಇವನ್ನ! ಅಜ್ಜಯ್ಯನ ಹೆಸರಿಟ್ಕಂಡು, ಅಜ್ಜಯ್ಯನ ಭಕ್ತರಿಗೇ ಮೋಸ ಮಾಡ್ತಾನೆ!"

ಹಯಾತ್ ಸಾಬ್ ಗಂಟನ್ನು ಇಳಿಸಿಕೊಡುತ್ತ ಕೈಮುಗಿದ. "ಅಮ್ಮಾ, ಇವನದ್ದು ಒಂದೇ ದೀಪ. ಇನ್ನೊಂದರ ತಪ್ಪು ನಂದು. ಬೈಯೋದಿದ್ರೆ ಪಾಲು ಮಾಡಿ ಬೈರಿ." ಜನ ಗೊಳ್ಳೆಂದು ನಕ್ಕರು, ನೀಲಕ್ಕ ಮಾತ್ರ ನಗಲಿಲ್ಲ. ಅಷ್ಟರಲ್ಲಿ ಕರಿಬಸವರಾಜನ ಚೈನು ಕಳಚಿತ್ತು. ಕತ್ತಲಲ್ಲಿ ತಡಕಾಡಿ ಅದನ್ನು ಏರಿಸಿ ಹೊರಡುವಾಗ ಎಂಟು ನಿಮಿಷ ಹೋಗಿತ್ತು.

"ಏಕ್ ದೋ ಜೋರಾಗಿ ಹಾಕ್ರಿ ಸಾಬ್ರೇ!"

"ನಿಂದೇನೋ ಹರೇದ ಕಾಲು. ನಂದು ಮುರುಕು ಕಾಲಪ್ಪಾ."

ಆದರೂ ಹಾಕಿದ. ಇಬ್ಬರೂ ಹಾರಿದರು. ಚಳಿಗಾಳಿ ಹಲ್ಲಿಗೆ ತಾಗಿ ಜುಂ ಎನ್ನುತ್ತಿತ್ತು. ದೀಪಗಳು ಎಂದೂ ಇಲ್ಲದಷ್ಟು ಬೆಳ್ಳಗೆ ಉರಿದವು. ಆರನೇ ಮೈಲಿಯಲ್ಲಿ ರಸ್ತೆ ನದಿಯ ಕಡೆಗೆ ಉದ್ದಕ್ಕೆ ಇಳಿಯುತ್ತದೆ. ಇಳಿಜಾರಿನ ಬುಡದಲ್ಲಿ ಒಂದು ಹಳ್ಳ, ಹಳ್ಳಕ್ಕೆ ಒಂದೇ ಗಾಡಿ ಹಿಡಿಯುವ ಕಿರಿದಾದ ಸೇತುವೆ. ಅಲ್ಲಿಗೆ ಬಂದರೆ ಉಳಿದದ್ದು ಮೂರು ಮೈಲಿ, ಹದಿನೆಂಟು ನಿಮಿಷ. ಕರಿಬಸವರಾಜ ಲೆಕ್ಕ ಹಾಕುತ್ತಲೇ ಇಳಿಜಾರಿನಲ್ಲಿ ಧುಮುಕಿದ. ಬೆಳಕಿಗೆ ಮುಂದೆ ಏನೋ ಬೆಳ್ಳಗೆ, ಗೋಡೆಯಂತೆ ಅಡ್ಡ ಬಂತು. ಇಬ್ಬರೂ ಬ್ರೇಕು ಹಿಡಿದರು.

ಗೋಡೆಯಲ್ಲ, ಹತ್ತಿ. ಸೇತುವೆಯ ಬಾಯಲ್ಲಿ ಬಂಡಿಯೊಂದು ಅಚ್ಚು ಮುರಿದು ಅಡ್ಡಡ್ಡ ಕೂತಿತ್ತು. ಆಳೆತ್ತರ ಹೇರಿದ ಹತ್ತಿಯ ಚೀಲಗಳು ಒಂದು ಪಕ್ಕಕ್ಕೆ ಜರಿದಿದ್ದವು. ನೊಗ ಒಂದು ಕಡೆ ಎದ್ದು, ಒಂದು ಎತ್ತು ಮಂಡಿಯೂರಿ ಸಿಕ್ಕಿಕೊಂಡಿತ್ತು. ಕೆಂಚವೀರಪ್ಪ ಎಂಬ ರೈತ ಮಿಣಿಯ ಗಂಟು ಬಿಚ್ಚಲು ಒದ್ದಾಡುತ್ತಿದ್ದ. ಅವನ ಹೆಂಡತಿ ಮೈಲಮ್ಮ ಎತ್ತಿನ ಮುಸುಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಾವಣಗೆರೆಯ ಸಂತೆಗೆಂದು ಹೊರಟವರು.

"ದೀಪ ಎಲ್ಲೈತ್ರೀ ನಿಮ್ದು?" ಎಂದ ಸಾಬ್.

"ಒಂದು ಕಂದೀಲು ಐತಿ. ಹರಿಹರದ ಕಡೀಕೆ ಇಟ್ಟೀನಿ," ಎಂದ ಕೆಂಚವೀರಪ್ಪ. "ಆ ಕಡಿಂದ ಏರು, ಲಾರಿ ಮೆಲ್ಲಕ ಬರ್ತಾವು, ಕಾಣ್ತೈತಿ. ಈ ಕಡಿಂದ ಬರಾವೇ ಯಮನ ವಾಹನ ಕಣ್ರಿ. ಎಣ್ಣಿ ಉಳಿಸಾಕಂತ ಇಂಜಿನ್ನು ಬಂದ್ ಮಾಡ್ಕಂಡು ಮ್ಯಾಲಿಂದ ಬಿಟ್ಟುಬಿಡ್ತಾರೆ."

"ಹುಲ್ಲು ಹೊತ್ತಿಸಿ ನಿಲ್ಲಬೇಕಿತ್ತಪ್ಪಾ!"

"ಹತ್ತಿ ಐತಲ್ರೀ ಸಾಬ್ರೇ! ಒಂದು ಕಿಡಿ ಬಿದ್ರೆ ಬಂಡಿ, ಎತ್ತು, ನಾವು, ಎಲ್ಲಾ ಹೋದಂಗೆ."

ಕೈಬೀಸಿ ನಿಲ್ಲಿಸೋಣವೆಂದರೆ ಕತ್ತಲಲ್ಲಿ ಕೈಬೀಸುವವರನ್ನು ಕಂಡರೆ ಡ್ರೈವರುಗಳು ಕಳ್ಳರೆಂದು ಇನ್ನೂ ಜೋರಾಗಿ ಓಡಿಸುತ್ತಾರೆ. ಕರಿಬಸವರಾಜ ಕೈಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದ. ಆರು ದಾಟಿ ಐದು ನಿಮಿಷ. ಈಗ ಹೊರಟರೆ ಸಿಗುತ್ತದೆ.

ಹಯಾತ್ ಸಾಬ್ ತನ್ನ ಸೈಕಲ್ಲನ್ನು ತಿರುಗಿಸಿ, ಬಂದ ದಾರಿಯ ಕಡೆಗೆ ಮುಖ ಮಾಡಿ, ಬಂಡಿಯಿಂದ ಮೂವತ್ತು ಹೆಜ್ಜೆ ಮೇಲೆ ರಸ್ತೆಯ ನಡುವೆ ಸ್ಟ್ಯಾಂಡ್ ಹಾಕಿದ. ಹಿಂದಿನ ಗಾಲಿ ನೆಲ ಬಿಟ್ಟು ಎದ್ದಿತು. ಅವನು ಹತ್ತಿ ಕೂತು ತುಳಿಯತೊಡಗಿದ. ಸೈಕಲ್ಲು ಇದ್ದಲ್ಲೇ ಇತ್ತು; ಗಾಲಿ ಗಿರ್ರನೆ ತಿರುಗಿತು; ದೀಪ ಹೊತ್ತಿಕೊಂಡಿತು.

"ನೀ ಹೋಗು ಸಾವ್ಕಾರಾ."

"ಸಾಬ್ರೇ..."

"ನಂದೇನು ಹೋಗ್ತೈತೆ? ಅರ್ಧ ದಿನದ ಪಗಾರ. ನಿಂದು ನೌಕರಿ. ಹೋಗೋ ಅಂದ್ರೆ!"

ಕರಿಬಸವರಾಜ ಹೋದ. ಸೈಕಲ್ಲನ್ನು ಹೆಗಲಿಗೇರಿಸಿ ಬಂಡಿಯ ಪಕ್ಕದ ಸಂದಿನಲ್ಲಿ ನುಸುಳಿ, ಸೇತುವೆ ದಾಟಿ, ಕಂದೀಲಿನ ಆಚೆ ಸೈಕಲ್ ಹತ್ತಿ, ಹತ್ತು ಸಲ ತುಳಿದ. ಇಪ್ಪತ್ತು ಸಲ ತುಳಿದ. ತುಳಿದ ಹಾಗೆಲ್ಲ ಅವನ ಮುಂದಿನ ರಸ್ತೆಯ ಮೇಲೆ ಅವನ ಒಂದು ದೀಪ ಬೆಳಗುತ್ತಿತ್ತು. ಒಂದೇ ಒಂದು. ಅಲ್ಲಿ ಹಿಂದೆ ಉರಿಯುತ್ತಿರುವುದೂ ಒಂದೇ. ಒಂದು ದೀಪ ಎಂದರೆ ಸೈಕಲ್ಲು. ಡ್ರೈವರ್ ಚೆನ್ನಾಗಿಯೇ ನೋಡುತ್ತಾನೆ, ನೋಡಿ ಹಾರನ್ ಒತ್ತುತ್ತಾನೆ. ಸೈಕಲ್ಲಿನವನು ಇಳಿದು ಓಡುತ್ತಾನೆ ಬಿಡು ಎಂದುಕೊಂಡು ಬಂದೇ ಬರುತ್ತಾನೆ. ಸಾಬ್ ಇಳಿದು ಓಡುವ ಪೈಕಿಯಲ್ಲ. ಓಡಿದರೂ ಹಿಂದೆ ಬಂಡಿ ಇದೆ, ಮಂಡಿಯೂರಿದ ಎತ್ತು ಇದೆ, ಮೈಲಮ್ಮ ಇದ್ದಾಳೆ.

"ಥತ್!" ಎಂದು ಅವನು ಯಾರಿಗೋ ಬೈದು ಹ್ಯಾಂಡಲ್ ತಿರುಗಿಸಿದ.

"ಯಾಕಲೇ ಬಂದೆ?" ಎಂದು ಸಾಬ್ ತುಳಿಯುತ್ತಲೇ ಗದರಿದ.

"ಎಷ್ಟಡಿ ಬಿಡ್ಲಿ ಹೇಳ್ರಿ!"

"ಆರು! ಆರಡಿ! ಈ ಕಡೆ ಬಾ, ಇನ್ನೂ ಈ ಕಡೆ. ಹಾಕು ಸ್ಟ್ಯಾಂಡು!"

ಕರಿಬಸವರಾಜ ಹತ್ತಿ ಕೂತು ತುಳಿದ. ನೆಲದ ಹಿಡಿತವಿಲ್ಲದ ಗಾಲಿ ಹುಚ್ಚು ಹಿಡಿದಂತೆ ತಿರುಗಿತು. ಸೈಕಲ್ಲು ಸ್ಟ್ಯಾಂಡಿನ ಮೇಲೆ ಗಡಗಡ ನಡುಗಿತು. ಸ್ವಲ್ಪ ಮುಂದೆ ಬಾಗಿದರೆ ಸ್ಟ್ಯಾಂಡು ಜಾರುವಂತಿತ್ತು, ಹಿಂದೆ ಒರಗಿದರೆ ಕಾಲಿಗೆ ಬಲ ಸಿಗದು. ಇಬ್ಬರೂ ಮೈಯನ್ನು ಕಡ್ಡಿಯಂತೆ ನೆಟ್ಟಗೆ ಹಿಡಿದುಕೊಂಡು, ಎಲ್ಲಿಗೂ ಹೋಗದ ದಾರಿಯಲ್ಲಿ ಜೀವದ ಹಂಗು ಬಿಟ್ಟು ತುಳಿದರು. ಹಿಂದೆ ಕೆಂಚವೀರಪ್ಪ ಚೀಲಗಳನ್ನು ಇಳಿಸುವ ಧಪ್ ಧಪ್ ಸದ್ದು. ಮುಂದೆ ಇಳಿಜಾರಿನುದ್ದಕ್ಕೂ ಎರಡು ಬೆಳ್ಳನೆಯ ಕೋಲು.

ಐದು ನಿಮಿಷ. ಯಾರೂ ಬರಲಿಲ್ಲ. ಹತ್ತು ನಿಮಿಷ. ಇಳಿಜಾರಿನ ನೆತ್ತಿ ಒಮ್ಮೆಲೇ ಬೆಳಗಿತು.

"ಬಂದ!" ಎಂದ ಸಾಬ್.

ಇಂಜಿನ್ನಿನ ಸದ್ದೇ ಇಲ್ಲ. ಗಾಲಿಗಳ ಸುಂಯ್ ಎಂಬ ಶಬ್ದ, ತುಂಬಿದ ಹೊಟ್ಟೆಯ ಕಟಕಟ, ಕಣ್ಣು ಕುಕ್ಕುವ ಬೆಳಕು. ಲಾರಿ ಇಳಿಯುತ್ತಿತ್ತು. ಡಿಮ್ ಮಾಡಲಿಲ್ಲ. ಕರಿಬಸವರಾಜ ಓರೆಗಣ್ಣಿನಿಂದ ನೋಡಿದ: ಸಾಬ್‌ನ ದೀಪ ಹಳದಿಗೆ ತಿರುಗುತ್ತಿತ್ತು. ಅವನ ಟೋಪಿ ಯಾವಾಗಲೋ ಬಿದ್ದುಹೋಗಿ, ನರೆತ ತಲೆಯಿಂದ ಆವಿ ಏಳುತ್ತಿತ್ತು.

"ಸಾಬ್ರೇ, ಬೆಳಕು! ಬೆಳಕು ಹೋಗ್ತೈತೆ!"

"ತೊಡೆ... ಹಿಡ್ಕಂತಪ್ಪಾ..."

"ಏಕ್!" ಎಂದು ಕರಿಬಸವರಾಜ ಕಿರುಚಿದ. "ದೋ! ಏಕ್! ದೋ! ನಾವು ಲಾರಿ ಸಾಬ್ರೇ! ಲಾರಿ ದಣಿತೈತೇನ್ರೀ? ಏಕ್! ದೋ!"

ಸಾಬ್ ಹಲ್ಲು ಕಚ್ಚಿದ. ಹಳದಿ ಬೆಳ್ಳಗಾಯಿತು. ಎರಡು ಕಣ್ಣು ಸಮಸಮ ಉರಿದವು. ಕರಿಬಸವರಾಜನಿಗೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಂಟಲು ಹರಿಯುವಂತೆ ಎಣಿಸುತ್ತಿದ್ದ, ಮತ್ತು, ಆಶ್ಚರ್ಯವೆಂದರೆ, ನಗುತ್ತಿದ್ದ. ಇಳಿಜಾರಿನ ನಡುವೆ ಲಾರಿಯ ದೀಪ ಪಟಕ್ಕನೆ ತಗ್ಗಿತು. ಬ್ರೇಕಿನ ಚೀತ್ಕಾರ ಎದ್ದಿತು. ಇಂಜಿನ್ನು ಕೆಮ್ಮಿ ಶುರುವಾಯಿತು. ಲಾರಿ ಹೆಜ್ಜೆ ಹೆಜ್ಜೆಯಾಗಿ ಇಳಿದು, ಹದಿನೈದು ಗಜ ದೂರದಲ್ಲಿ ನಿಂತು, ಪೊಂ ಪೊಂ ಎಂದು ಎರಡು ಸಲ ಕೂಗಿತು.

"ಹಿಂದೆ ತಗಳಲೇ ಗಾಡಿ!" ಎಂದು ಡ್ರೈವರ್ ಬೋರಣ್ಣ ಬಾಗಿಲಿನಿಂದ ತಲೆ ಹೊರಗೆ ಹಾಕಿದ. "ಸೇತುವೆ ದಾಟಿ ಬಂದೋನು ಹಂಗೆ ಮುಂದಕ್ಕೆ ಬರಬೇಕೋ, ನಟ್ಟನಡುವೆ ನಿದ್ದಿ ಹೊಡೀತೀಯೋ?"

ಅವನು ಬೈಯುತ್ತ ಇಳಿದು ಬಂದ. ಬಂದವನು ನಿಂತಲ್ಲೇ ನಿಂತ. ಎದುರಿಗಿದ್ದ ಲಾರಿಗೆ ಮುಖವಿರಲಿಲ್ಲ, ಮೈಯಿರಲಿಲ್ಲ. ಇಬ್ಬರು ಮನುಷ್ಯರು ಸ್ಟ್ಯಾಂಡ್ ಹಾಕಿದ ಸೈಕಲ್ಲುಗಳ ಮೇಲೆ ಕೂತು ಬೆವರು ಸುರಿಸುತ್ತ ತುಳಿಯುತ್ತಿದ್ದರು.

"ಏನ್ರಪ್ಪಾ ಇದು? ಹರಕೇನ್ರೀ?"

ಹಯಾತ್ ಸಾಬ್‌ಗೆ ಮಾತಾಡಲು ಉಸಿರಿರಲಿಲ್ಲ. ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. ಬೋರಣ್ಣ ಹತ್ತಿಯ ಗುಡ್ಡವನ್ನು ನೋಡಿದ, ಎತ್ತನ್ನು ನೋಡಿದ, ತಾನು ಇಳಿದು ಬಂದ ಇಳಿಜಾರನ್ನು ನೋಡಿದ. ಮೆಲ್ಲಗೆ ತಲೆಯ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಲಾರಿಯ ಮೇಲೆ ಮಲಗಿದ್ದ ನಾಲ್ಕು ಜನ ಹಮಾಲರನ್ನು ಕೂಗಿದ. "ಇಳೀರಲೇ ಎಲ್ಲಾ! ಒಬ್ಬ ಮ್ಯಾಲೆ ಹೋಗಿ ಹಿಂದಿನೋರ್ನ ನಿಲ್ಲಿಸು, ನಮ್ಮ ಕಂದೀಲು ತಗಂಡು ಹೋಗು!"

ಐದ್ಹತ್ತು ಕೈ ಸೇರಿದ ಮೇಲೆ ಬಂಡಿ ಎಷ್ಟರದು! ಎತ್ತನ್ನು ಬಿಡಿಸಿದರು. ಅದು ಎದ್ದು ನಿಂತು ಮೈ ಕೊಡವಿದಾಗ ಮೈಲಮ್ಮ ಅದರ ಕೊರಳು ತಬ್ಬಿಕೊಂಡಳು. ಬಂಡಿಯನ್ನು "ಹೈಸಾ!" ಎಂದು ಎತ್ತಿ ಪಕ್ಕಕ್ಕೆ ಇಡುತ್ತಿದ್ದಾಗ ಪೂರ್ವದಲ್ಲಿ ಬೆಳಕು ಒಡೆದಿತ್ತು. ಆಗ, ಮೂರು ಮೈಲಿ ಆಚೆಯಿಂದ, ತಣ್ಣನೆಯ ಗಾಳಿಯಲ್ಲಿ ತೆಳ್ಳಗೆ, ಹರಿಹರದ ಸೈರನ್ ಕೇಳಿಸಿತು.

ಬಂಡಿಯ ಗಾಲಿಗೆ ಹೆಗಲು ಕೊಟ್ಟಿದ್ದ ಕರಿಬಸವರಾಜ ಹಾಗೆಯೇ ನಿಂತ. ಕೂಗು ಏರಿತು, ಇಳಿಯಿತು, ನಿಂತಿತು.

"ಸೈಕಲ್ ಲಾರಿ ಮ್ಯಾಲೆ ಒಗೀರಿ," ಎಂದ ಬೋರಣ್ಣ. "ಈ ಬೋರಣ್ಣ ಹೆಂಗ ಹೊಡೀತಾನೆ ನೋಡೀರಂತೆ."

ಹೊಡೆದ ಎಂದರೆ ಹೊಡೆದ. ಶೇಂಗಾ ಚೀಲಗಳ ಮೇಲೆ ಸೈಕಲ್ಲುಗಳು ಕುಣಿದವು, ಹಮಾಲರು ಕುಣಿದರು, ಕರಿಬಸವರಾಜನ ಹಲ್ಲುಗಳು ಕುಣಿದವು. ಆದರೂ ಗೇಟಿನ ಮುಂದೆ ಲಾರಿ ನಿಂತಾಗ ಗಡಿಯಾರ ಆರು ನಲವತ್ತಾರು ತೋರಿಸುತ್ತಿತ್ತು.

ವಾಮದೇವಪ್ಪ ಕನ್ನಡಕದ ಮೇಲಿನಿಂದ ನೋಡಿದ. ಕೆಂಪು ಮಸಿಗೆ ಲೆಕ್ಕಣಿಕೆ ಅದ್ದಿದ. ಗೆರೆ ಎಳೆದ. "ಆತು ನೋಡಪ್ಪಾ. ಮೂರೂ ಬಿದ್ದುವು. ವಿಭೂತಿಪಟ್ಟಿ ಪೂರ್ತಿ ಆದಂಗಾತು. ಕಾರ್ಡು ಕೊಡು."

ಕರಿಬಸವರಾಜ ಕಾರ್ಡು ಕೊಟ್ಟ.

"ಸ್ವಾಮೀ, ಕೇಳ್ರಿ!" ಎಂದು ಬೋರಣ್ಣ ಗೇಟಿನ ಕಂಬಿ ಹಿಡಿದು ಕೂಗಿದ. "ಎದುರಿಗೆ ಲಾರಿ ನಿಂತಿತ್ತು. ನನ್ನ ಕಣ್ಣಾರೆ ನೋಡೀನಿ! ಅದಕ್ಕೇ ಬ್ರೇಕ್ ಹಾಕಿದ್ದು, ಇಲ್ಲಾಂದ್ರೆ ಮೂರು ಜೀವ ಹೋಗಿರಾವು!"

"ಯಾವ ಲಾರಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ಬೆಳಗಿನ ಸುತ್ತು ಹೊರಟಿದ್ದ ಶಾಪ್ ಮ್ಯಾನೇಜರ್ ಅಲ್ಲಿ ನಿಂತಿದ್ದರು. ಕಡಿಮೆ ಮಾತಿನ, ಬಿಗಿ ಮುಖದ ಮನುಷ್ಯ.

"ಇವ್ರೇ ಸಾಹೇಬ್ರೇ!" ಎಂದ ಬೋರಣ್ಣ, ಇಬ್ಬರನ್ನೂ ತೋರಿಸಿ.

ಮ್ಯಾನೇಜರರ ಹುಬ್ಬು ಮೇಲೇರಿತು. ಕರಿಬಸವರಾಜ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಎರಡು ದೀಪ, ಆರಡಿ, ಬಂಡಿ, ಸ್ಟ್ಯಾಂಡು. ಹೇಳುತ್ತ ಹೇಳುತ್ತ ತಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದನ್ನೇ ಮರೆತ. ಲಾರಿ ಕಣ್ಣು ತಗ್ಗಿಸಿದ ಗಳಿಗೆಗೆ ಬಂದಾಗ ಅವನ ದನಿ ಮೇಲೇರಿ ಗೇಟಿನ ಕಾವಲುಗಾರನೂ ಹತ್ತಿರ ಬಂದ.

"ನಿಂತ ಸೈಕಲ್ಲಿನಿಂದ ಲಾರಿ ನಿಲ್ಲಿಸುವಷ್ಟು ಬೆಳಕು ಬರುತ್ತಾ?" ಎಂದರು ಮ್ಯಾನೇಜರ್. "ಸುಳ್ಳು ಹೇಳುವುದಾದರೆ ಸ್ವಲ್ಪ ಚೆನ್ನಾಗಿರೋದನ್ನ ಹೇಳಬೇಕು. ತೋರಿಸು."

ಅಂಗಳದ ನಡುವೆ ಎರಡು ಸೈಕಲ್ಲು ಸ್ಟ್ಯಾಂಡ್ ಹಾಕಿ ನಿಂತವು. ಇಬ್ಬರೂ ಹತ್ತಿ ಕೂತರು. ತುಳಿದರು. ಅಷ್ಟರಲ್ಲಿ ಸೂರ್ಯ ಶೆಡ್ಡಿನ ಮೇಲಕ್ಕೆ ಬಂದಿದ್ದ. ಎಳೆಬಿಸಿಲಿನಲ್ಲಿ ದೀಪ ಹೊತ್ತಿದೆಯೋ ಇಲ್ಲವೋ ತಿಳಿಯುವ ಹಾಗೇ ಇರಲಿಲ್ಲ. ಶೆಡ್ಡಿನ ಕಿಟಕಿಗಳಲ್ಲಿ ತಲೆಗಳು ತುಂಬಿಕೊಂಡವು.

"ಕಾಣ್ತಾ ಇಲ್ಲ," ಎಂದರು ಮ್ಯಾನೇಜರ್.

"ಹೊತ್ತೈತಿ ಸಾರ್! ದೇವರಾಣೆ ಹೊತ್ತೈತಿ!"

ಮ್ಯಾನೇಜರ್ ಬಗ್ಗಿದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮಂಡಿಯನ್ನು ನೆಲಕ್ಕೂರಿ, ಎರಡೂ ಅಂಗೈ ಬೊಗಸೆ ಮಾಡಿ ಕರಿಬಸವರಾಜನ ದೀಪವನ್ನು ಬಿಸಿಲಿನಿಂದ ಮುಚ್ಚಿ, ಆ ಬೊಗಸೆಯೊಳಗೆ ಇಣುಕಿದರು. ಅವರ ಬೆರಳ ಸಂದುಗಳು ಕೆಂಪಗೆ ಬೆಳಗಿದವು.

"ಜೋರಾಗಿ," ಎಂದರು.

ತುಳಿದರು.

"ಇನ್ನೂ."

ಸಾಬ್‌ನ ದೀಪಕ್ಕೂ ಹೋಗಿ ಇಣುಕಿದರು. ನಡುವಿನ ಅಂತರವನ್ನು ಹೆಜ್ಜೆಯಿಂದ ಅಳೆದರು. ಕರಿಬಸವರಾಜನ ದೀಪದ ಕೆಳಗಿದ್ದ ಎತ್ತರದ ಕಾಲನ್ನು ಹೆಬ್ಬೆರಳಿನಿಂದ ಸವರಿ, "ಇದನ್ನ ಯಾರು ಮಾಡಿದ್ದು?" ಎಂದರು.

"ನಾನೇ ಸಾರ್. ಗುಜರಿ ತುಂಡಿನಲ್ಲಿ. ಊಟದ ಹೊತ್ತಿನಲ್ಲಿ."

ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡರು. ವಾಮದೇವಪ್ಪನ ಕೈಯಿಂದ ಕಾರ್ಡು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ರೂಲ್ ರೂಲೇ. ಮೂರನೇ ಗೆರೆ ಅಳಿಸೋಕಾಗಲ್ಲ. ಈ ಪ್ರೊಬೇಷನ್ ಫೇಲು." ಕಿಟಕಿಗಳಲ್ಲಿ ಗುಜುಗುಜು ಎದ್ದಿತು. "ವಾಮದೇವಪ್ಪ, ಇವನಿಗೆ ಇವತ್ತಿನ ತಾರೀಖು ಹಾಕಿ ಹೊಸ ಕಾರ್ಡು ಬರಿ. ಮತ್ತೆ ಮೂರು ತಿಂಗಳು, ಮೊದಲಿನಿಂದ."

ಕರಿಬಸವರಾಜ ತುಳಿಯುವುದನ್ನು ನಿಲ್ಲಿಸಿದ. "ಅಂದ್ರೆ ಸಾರ್... ಇವತ್ತು ನಾನು ಕೆಲಸ ಮಾಡಬಹುದಾ?"

"ಆಗಲೇ ಅರ್ಧ ಗಂಟೆ ಹಾಳಾಯಿತು. ಇನ್ನೂ ಯಾಕೆ ಅಲ್ಲೇ ಕೂತಿದ್ದೀಯ?"

ಅವನು ಕೂತಿರಲಿಲ್ಲ. ಸೈಕಲ್ಲಿನಿಂದ ಹಾರಿ, ಶೆಡ್ಡಿನ ಬಾಗಿಲಿಗೆ ಅರ್ಧ ದಾರಿ ಓಡಿಯಾಗಿತ್ತು. ಒಳಗಿನಿಂದ ಲೇಥುಗಳ ಸದ್ದು ಬರುತ್ತಿತ್ತು. ಅವನ ಕಾಲುಗಳು ಇನ್ನೂ ಏಕ್ ದೋ ಎನ್ನುತ್ತಲೇ ಇದ್ದವು.

"ಲೇ ಸಾವ್ಕಾರಾ!" ಎಂದು ಹಿಂದಿನಿಂದ ಹಯಾತ್ ಸಾಬ್ ಅರಚಿದ. ಅವನು ಸೈಕಲ್ಲಿನ ಮೇಲೆ ದರ್ಬಾರಿನ ಠೀವಿಯಲ್ಲೇ ಕೂತಿದ್ದ, ಅಲುಗಾಡದೆ. "ನನ್ನ ಇಳಿಸಿ ಹೋಗಲೇ! ಎರಡೂ ತೊಡೆ ಹಿಡ್ಕಂಡಾವು, ಕಾಲೆತ್ತಕ್ಕೆ ಬರ್ತಿಲ್ಲ!"

ಇಡೀ ಶೆಡ್ಡು ಹೋ ಎಂದು ನಕ್ಕಿತು. ಕರಿಬಸವರಾಜ ಓಡಿದಷ್ಟೇ ಜೋರಾಗಿ ಹಿಂದಕ್ಕೆ ಬಂದು, ಸಾಬ್‌ನನ್ನು ಸೊಂಟದಲ್ಲಿ ಹಿಡಿದು ಎತ್ತಿ ಇಳಿಸಿ, ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಕುಂಟುತ್ತ ಕುಂಟುತ್ತ ಒಳಕ್ಕೆ ನಡೆಸಿಕೊಂಡು ಹೋದ.